ಸಂಧಾನಕಾರರೂ ಕಲಿಯಬೇಕಾಗಿದೆ

ಮನೆಯ ಜಗಳ ಮನೆಯೊಳಗೆ ಇತ್ಯರ್ಥವಾಗದಿದ್ದಾಗ ನಮ್ಮಲ್ಲಿ ಅನೇಕರು ಮೊದಲು ತಟ್ಟುವುದು ಜಮಾಅತ್‌ನ ಬಾಗಿಲನ್ನು. ದಂಪತಿಗಳ ವಿರಸ, ಸಹೋದರರ ಆಸ್ತಿ ತಕರಾರು, ಪಾಲುದಾರಿಕೆಯ ಲೆಕ್ಕಾಚಾರ ಎಲ್ಲವೂ ಮಸೀದಿಯ ಹಿರಿಯರ ಮುಂದೆ ಬರುತ್ತವೆ. ಪ್ರತಿಫಲ ಬಯಸದೆ ಇವನ್ನು ಆಲಿಸುವವರ ಸೇವೆ ಸಣ್ಣದಲ್ಲ. ಜನರ ನಡುವೆ ಸಾಮರಸ್ಯ ಮೂಡಿಸುವುದು ಉಪವಾಸ, ನಮಾಝ್ ಮತ್ತು ದಾನಗಳಿಗಿಂತಲೂ ಮಿಗಿಲಾದುದೆಂದು ಪ್ರವಾದಿ(ಸ) ಕಲಿಸಿರುವುದನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಇಲ್ಲಿ ಉದ್ದೇಶಿಸಿರುವುದು ಐಚ್ಛಿಕ ಆರಾಧನೆಗಳನ್ನು ಎಂದು ವಿದ್ವಾಂಸರು ವಿವರಿಸಿದ್ದಾರೆ.

ಇಷ್ಟು ಶ್ರೇಷ್ಠವಾದ ಕೆಲಸಕ್ಕೆ ನಾವು ನಡೆಸುವ ಸಿದ್ಧತೆಯಾದರೂ ಏನು? ನಮಾಝಿಗೆ ನೇತೃತ್ವ ನೀಡುವವರು ಪಾರಾಯಣ ಬಲ್ಲವರಾಗಿರಬೇಕೆಂದು ಬಯಸುವ ನಾವು, ಒಂದು ಕುಟುಂಬದ ಭವಿಷ್ಯದ ಬಗ್ಗೆ ಮಾತನಾಡುವವರಿಗೆ ವಯಸ್ಸು, ವರ್ಚಸ್ಸು ಮತ್ತು ಕಮಿಟಿಯ ಸ್ಥಾನವಿದ್ದರೆ ಸಾಕೆಂದು ಭಾವಿಸಿದ್ದೇವೆ.

ದಂಪತಿಗಳ ಸಂಬಂಧ ಮುರಿಯುವ ಭೀತಿಯಿದ್ದಾಗ ಪತಿಯ ಕಡೆಯಿಂದ ಒಬ್ಬರನ್ನೂ ಪತ್ನಿಯ ಕಡೆಯಿಂದ ಒಬ್ಬರನ್ನೂ ನೇಮಿಸಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 35ನೇ ಸೂಕ್ತ ಆದೇಶಿಸುತ್ತದೆ. ಇಬ್ಬರಿಗೂ ಸಮಾನ ಪ್ರಾತಿನಿಧ್ಯ! ಆದರೆ ನಮ್ಮ ಎಷ್ಟು ಪಂಚಾಯಿತಿಗಳಲ್ಲಿ ಹೆಣ್ಣು ತನ್ನ ಮಾತನ್ನು ತಾನೇ ಹೇಳುತ್ತಾಳೆ? ಅವಳ ತಂದೆಯೋ ಅಣ್ಣನೋ ಮಾತನಾಡುತ್ತಾರೆ. ಕೊನೆಗೆ, "ಮಕ್ಕಳ ಮುಖ ನೋಡಿ ಸಹಿಸಿಕೋ ಮಗಳೇ" ಎಂಬ ಉಪದೇಶದೊಂದಿಗೆ ಸಭೆ ಮುಗಿಯುತ್ತದೆ. ಆ ಮನೆಯಲ್ಲಿ ಹೊಡೆತವಿದೆಯೇ ಎಂದು ಯಾರೂ ಕೇಳಿರುವುದಿಲ್ಲ. ಅಂತಹ ಸಂಧಾನವು ಅಪಾಯದ ಮನೆಗೇ ಅವಳನ್ನು ಮರಳಿಸಿದಂತೆ.

ಈ ವಿಷಯದಲ್ಲಿ ಬರೀರಾ(ರ)ರ ಘಟನೆ ನಮಗೆ ಪಾಠವಾಗಬೇಕು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಅವರು ಪತಿ ಮುಗೀಸ್(ರ)ರಿಂದ ಬೇರೆಯಾಗಲು ಬಯಸಿದರು. ಮುಗೀಸ್ ಕಣ್ಣೀರಿಡುತ್ತಾ ಅವರ ಹಿಂದೆ ಅಲೆಯುತ್ತಿದ್ದರು. ಪತಿಯ ಬಳಿಗೆ ಮರಳಬಾರದೇ ಎಂದು ಪ್ರವಾದಿ(ಸ) ಕೇಳಿದಾಗ, ಇದು ಆಜ್ಞೆಯೇ ಎಂದು ಬರೀರಾ ವಿಚಾರಿಸಿದರು. ಆಜ್ಞೆಯಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂದಾಗ ಅವರು ನಿರಾಕರಿಸಿದರು. ಆ ನಿರಾಕರಣೆಯನ್ನು ಪ್ರವಾದಿ(ಸ) ಮನ್ನಿಸಿದರು. ಸಹೀಹ್ ಬುಖಾರಿಯಲ್ಲಿ ಇದು ದಾಖಲಾಗಿದೆ. ಪ್ರವಾದಿಯೇ ಒತ್ತಾಯಿಸದ ಕಡೆ ಒತ್ತಾಯಿಸುವ ಅಧಿಕಾರ ಕಮಿಟಿಯ ಸದಸ್ಯರಿಗೆ ಎಲ್ಲಿಂದ ಬಂತು?

ಅಲೀ(ರ)ರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಎರಡನೆಯವನ ಮಾತು ಕೇಳುವ ತನಕ ತೀರ್ಪು ನೀಡಬಾರದೆಂದು ಪ್ರವಾದಿ(ಸ) ಕಲಿಸಿದರು. ಅಂದರೆ ಅಲೀ(ರ)ರಂತಹ ಜ್ಞಾನಿಗೂ ಈ ಕೆಲಸದಲ್ಲಿ ತರಬೇತಿ ಬೇಕಾಗಿತ್ತು. ಅಬೂ ಮೂಸಾ ಅಶ್‌ಅರೀ(ರ)ರಿಗೆ ಖಲೀಫಾ ಉಮರ್(ರ) ಬರೆದರೆನ್ನಲಾದ ಪ್ರಸಿದ್ಧ ಪತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿನ್ನೆ ನೀಡಿದ ತೀರ್ಪನ್ನು ಪುನಃ ಪರಿಶೀಲಿಸಿದಾಗ ಸತ್ಯ ಬೇರೆಯಾಗಿ ಕಂಡರೆ, ಸತ್ಯದೆಡೆಗೆ ಮರಳಲು ಹಿಂಜರಿಯಬಾರದು ಎಂಬುದು ಅದರ ಆಶಯ. ಆತ್ಮಾವಲೋಕನವು ನ್ಯಾಯದಾನದ ಭಾಗವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕೇ?

ಇಂದು ನಮ್ಮ ರಾಜ್ಯದಲ್ಲಿಯೇ ಕಲಿಯುವ ದಾರಿಗಳಿವೆ. ಕರ್ನಾಟಕ ಹೈಕೋರ್ಟ್‌ನ ಆಶ್ರಯದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಕಾರ್ಯನಿರ್ವಹಿಸುತ್ತಿದೆ. ಇಂತಹ ಕೇಂದ್ರಗಳಲ್ಲಿ ಮಧ್ಯಸ್ಥರಾಗಲು ವಕೀಲರೂ 40 ಗಂಟೆಗಳ ತರಬೇತಿ ಪಡೆಯುತ್ತಾರೆ. ಎರಡೂ ಕಡೆಯವರನ್ನು ಪ್ರತ್ಯೇಕವಾಗಿ ಆಲಿಸುವುದು, ಗೌಪ್ಯತೆ ಕಾಪಾಡುವುದು, ಪರಿಹಾರವನ್ನು ಹೇರದೆ ಅವರಿಂದಲೇ ಮೂಡಿಸುವುದು ಅಲ್ಲಿನ ಪಾಠಗಳು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೂ ಸ್ಥಾನವಿದೆ. ಆದರೆ ಅಲ್ಲಿ ಉಭಯ ಪಕ್ಷಗಳ ಪೂರ್ವ ಸಮ್ಮತಿ ಬೇಕು ಮತ್ತು ಆ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿಲ್ಲ. ಫತ್ವಾಗಳನ್ನಾಗಲಿ ದಾರುಲ್ ಖಝಾಗಳ ತೀರ್ಮಾನಗಳನ್ನಾಗಲಿ ಯಾರ ಮೇಲೂ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ಇದನ್ನು ಕೆಲವರು ಅವಮಾನವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಸುಲಹ್‌ನ ಜೀವಾಳವೇ ಸಮ್ಮತಿ.

ಸಂಧಾನಕ್ಕೆ ಕೂರುವವರು ಪ್ರತಿ ಪ್ರಕರಣದ ಬಳಿಕ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಲಿ. ಯಾರ ಮಾತಿಗೆ ನಾನು ಹೆಚ್ಚು ಸಮಯ ಕೊಟ್ಟೆ? ಶ್ರೀಮಂತನ ಮುಂದೆ ನನ್ನ ಧ್ವನಿ ಮೃದುವಾಯಿತೇ? ಹೆಣ್ಣಿಗೆ ಪತಿಯ ಕಡೆಯವರಿಲ್ಲದೆ ಮಾತನಾಡುವ ಅವಕಾಶ ಸಿಕ್ಕಿತೇ? ಮೂರು ತಿಂಗಳ ನಂತರ ಆ ಒಪ್ಪಂದದ ಸ್ಥಿತಿ ಏನಾಗಿದೆ? ಜಮಾಅತ್‌ಗಳು ವರ್ಷಕ್ಕೊಮ್ಮೆಯಾದರೂ ಆಲಿಮರು, ವಕೀಲರು ಮತ್ತು ಆಪ್ತಸಮಾಲೋಚಕರನ್ನು ಸೇರಿಸಿ ತರಬೇತಿ ಏರ್ಪಡಿಸಲಿ. ಸಂಧಾನ ಸಮಿತಿಯಲ್ಲಿ ತಿಳಿವಳಿಕೆಯುಳ್ಳ ಮಹಿಳೆಯರಿರಲಿ. ಹಿಂಸೆಯ ದೂರು ಬಂದಾಗ ರಾಜಿ ಮಾತುಕತೆ ನಿಲ್ಲಿಸಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನೀಡುವ ರಕ್ಷಣೆಯ ದಾರಿ ತೋರಿಸಲಿ.

ಬೇರೆಯವರ ಲೆಕ್ಕ ನೋಡುವವರು ತಮ್ಮ ಲೆಕ್ಕವನ್ನೂ ಅಲ್ಲಾಹನ ಮುಂದೆ ಒಪ್ಪಿಸಬೇಕಾಗಿದೆ. ನಮ್ಮ ಮನೆಗಳ ಕಣ್ಣೀರನ್ನು ನಂಬಿಕೆಯಿಂದ ಯಾರ ಕೈಗೆ ಒಪ್ಪಿಸುತ್ತೇವೆಯೋ, ಆ ಕೈಗಳು ಒಳ್ಳೆಯವಾಗಿದ್ದರೆ ಮಾತ್ರ ಸಾಲದು, ಕಲಿತವೂ ಆಗಿರಬೇಕು.