ಒಂದೇ ಪ್ರಿಂಟು, ಎರಡು ಟಾಕೀಸು!

ಚಿತ್ರರಸಿಕರೇ, ಈ ವಾರ ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡಳು ಎಂಬ ಸುದ್ದಿ ನನ್ನ ಜೋಳಿಗೆಯಲ್ಲಿಲ್ಲ. ಇರುವುದು ಒಂದು ನೀಲಿ ತಂತಿ! ಪುಟ ಮಗುಚಬೇಡಿ ಸ್ವಾಮಿ, ಬಸ್ಸು ಬರೋದಕ್ಕೆ ಇನ್ನೂ ಹೊತ್ತಿದೆ.

ಹಿಂದೆ ಸಣ್ಣ ಊರುಗಳಲ್ಲಿ ಒಂದೇ ಪ್ರಿಂಟನ್ನು ಎರಡು ಟಾಕೀಸಿನವರು ಹಂಚಿಕೊಳ್ಳುತ್ತಿದ್ದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಇಲ್ಲಿ ಒಂದು ರೀಲು ಮುಗಿದ ಕೂಡಲೇ ಡಬ್ಬ ಸೈಕಲ್ ಕ್ಯಾರಿಯರ್ ಏರಿ ಅಲ್ಲಿಗೆ ಓಡಬೇಕು. ಸಾವಿರ ಅಡಿಯ ರೀಲು ಓಡುವುದು 11 ನಿಮಿಷ. ಸೈಕಲ್ ಪಂಕ್ಚರ್ ಆಯಿತೋ, ಗಾಂಧಿ ಕ್ಲಾಸಿನಿಂದ ಶಿಳ್ಳೆ, ಬೈಗುಳ!

ಆ ಕಾಲ ಮುಗಿಯಿತು ಅಂದುಕೊಂಡಿರಾ? ಚಾಮರಾಜನಗರ, ಗುಂಡ್ಲುಪೇಟೆಯ ಎಡಿಟಿಂಗ್ ರೂಮುಗಳಲ್ಲಿ ಆ ಸೈಕಲ್ ಇನ್ನೂ ಓಡುತ್ತಿದೆ. ಡಬ್ಬದ ಬದಲು ಹಾರ್ಡ್ ಡಿಸ್ಕು, ಸೈಕಲ್ ಬದಲು ತೆರಕಣಾಂಬಿ ದಾರಿಯ ಬಸ್ಸು, ಅಷ್ಟೇ ವ್ಯತ್ಯಾಸ.

ಗುಂಡ್ಲುಪೇಟೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗನೊಬ್ಬನನ್ನು ಮಾತಾಡಿಸಿದೆ. ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತಿದ್ದ. "ಏನಪ್ಪಾ, ಕೆಲಸ ಇಲ್ವಾ?" ಅಂದೆ. "ಕಾಪಿ ಆಯ್ತಾ ಅದ ಕನಣ್ಣ" ಅಂದ. ವಯನಾಡು, ಗೂಡಲೂರು ಕಡೆ ಶೂಟಿಂಗ್ ಆದರೆ ಇನ್ನೂ ಫಜೀತಿ. ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಬಂದಿದೆ. ಆನೆಗೆ ಒಳ್ಳೆಯದೇ. ಕ್ಯಾಮೆರಾದ ಕಾರ್ಡು ಮಾತ್ರ ಗೇಟಿನಾಚೆ ರಾತ್ರಿ ಕಳೆಯಬೇಕು! ಬಂದ ಮೇಲೆ ಒಂದು ಕಾಪಿ ಇವನಿಗೆ, ಒಂದು ಹಾಡು ಕಟ್ ಮಾಡುವವನಿಗೆ, ಒಂದು ಬಣ್ಣ ತಿದ್ದುವವನಿಗೆ. ಒಂದು ಮದುವೆಗೆ ಇಷ್ಟು ಎಂದು ಗುತ್ತಿಗೆ. ಕಾಪಿ ಆಗುವ ಹೊತ್ತಿಗೆ ಕಾಸಿಲ್ಲ.

ಇದಕ್ಕಿಂತ ಕೆಟ್ಟದ್ದೂ ಕೇಳಿದೆ. ಒಂದು ಸ್ಟುಡಿಯೋದಲ್ಲಿ (ಹೆಸರು ಬೇಡ ಬಿಡಿ) ಕೈಯಿಂದ ಕೈಗೆ ಹೋಗುತ್ತಿದ್ದ ಡಿಸ್ಕು ನೆಲಕ್ಕೆ ಬಿದ್ದು ಧಾರೆಯ ದೃಶ್ಯಗಳೇ ಹೋದವಂತೆ. ಕಟ್ಟಿದ ತಾಳಿ ಮತ್ತೆ ಕಟ್ಟಿಸಲು ಆದೀತೇ? ದುಡ್ಡು ಮುರಿದದ್ದು ಮಾತ್ರ ಹುಡುಗನ ಸಂಬಳದಲ್ಲಿ.

ಇದಕ್ಕೆ ಮದ್ದೇ ಆ ನೀಲಿ ತಂತಿ, ಈಥರ್‌ನೆಟ್. ರಾಜಣ್ಣ, ವಿಷ್ಣು ಕೂಡಿ ನಟಿಸಿದ 'ಗಂಧದ ಗುಡಿ' ತೆರೆಗೆ ಬಂದ 1973ರಲ್ಲೇ ಅಮೆರಿಕದ ಝೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇದರ ಯೋಜನೆ ಬರೆದರು. ಈಥರ್ ಎಂದರೆ ಬೆಳಕು ಸಾಗಲು ಆಕಾಶವೆಲ್ಲ ತುಂಬಿದೆ ಎಂದು ಹಿಂದಿನ ವಿಜ್ಞಾನಿಗಳು ನಂಬಿದ್ದ ವಸ್ತು. ಅದು ಆಕಾಶದಲ್ಲಿ ಸಿಗಲಿಲ್ಲ, ಹೆಸರು ತಂತಿಗೆ ಉಳಿಯಿತು!

ಉಪಾಯ ಸರಳ. ನಾಲ್ಕೈದು ಡಿಸ್ಕು ತುಂಬಿದ ಒಂದು ಪೆಟ್ಟಿಗೆ ಮೂಲೆಯಲ್ಲಿ. ಅದರಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಪ್ರತಿ ಕಂಪ್ಯೂಟರಿಗೆ ಒಂದೊಂದು ತಂತಿ. ಕಾರ್ಡು ಒಮ್ಮೆ ಇಳಿಸಿದರೆ ಮುಗಿಯಿತು. ಒಬ್ಬ ಮುಹೂರ್ತ ಕತ್ತರಿಸುವಾಗಲೇ ಇನ್ನೊಬ್ಬ ಅದೇ ಪೆಟ್ಟಿಗೆಯಿಂದ ಆರತಕ್ಷತೆ ಕತ್ತರಿಸಬಹುದು. ಒಂದೇ ಪ್ರಿಂಟು, ಎರಡು ಟಾಕೀಸು, ಸೈಕಲ್ ಬೇಡ!

ಆದರೆ ಕೊಳ್ಳುವ ಮುಂಚೆ ಲೆಕ್ಕ ಹಾಕಬೇಕು. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಬರುವ ಗುಣಾಕಾರ, ನಿಮಗೆ ಬಾರದೇ? ಗಿಗಾಬಿಟ್ ಎಂದರೆ ಸೆಕೆಂಡಿಗೆ 1000 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟು, ಅಂದರೆ 125 ಮೆಗಾಬೈಟ್. ಕೈಗೆ ಹತ್ತುವುದು ಸುಮಾರು 110. ಮದುವೆಗೆ ತರುವ ಫೋರ್‌ಕೆ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಗಂಟೆಗೆ 45 ಗಿಗಾಬೈಟ್ ಆಯಿತು. ಇಬ್ಬರು ಹುಡುಗರು ಎರಡೆರಡು ಕ್ಯಾಮೆರಾ ಒಟ್ಟಿಗೆ ಓಡಿಸಿದರೂ 400 ಮೆಗಾಬಿಟ್. ಸಲೀಸು! ಅದೇ ದೃಶ್ಯವನ್ನು ಪ್ರೋರೆಸ್ 422ಕ್ಕೆ ತಿರುಗಿಸಿದರೆ ಒಂದು ಫೋರ್‌ಕೆ ಓಟಕ್ಕೇ ಸುಮಾರು 490. ಎರಡು ಓಡಿಸಿದರೆ ಪೆಟ್ಟಿಗೆಯಿಂದ ಹೊರಡುವ ಒಂದೇ ತಂತಿ ಜಾತ್ರೆ ದಿನದ ಬಸ್ಸಿನಂತೆ ತುಂಬಿಹೋಗುತ್ತದೆ.

ಇಲ್ಲೇ ಒಂದು ಗುಟ್ಟು. ಕಾಪಿ ಮಾಡುವಾಗ ತಂತಿ ಸ್ವಲ್ಪ ತಡೆದು ಬಂದರೂ ಚಿಂತೆಯಿಲ್ಲ. ಓಡಿಸಿ ನೋಡುತ್ತಾ ಕತ್ತರಿಸುವಾಗ ಹಾಗಲ್ಲ. ಸೆಕೆಂಡಿಗೆ 25 ಫ್ರೇಮು, ಒಂದೊಂದೂ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಬರಲೇಬೇಕು. ತಡವಾದರೆ ಚಿತ್ರ ಕುಂಟುತ್ತದೆ, ನಾದಸ್ವರ ಮುಂದೆ ಹೋಗಿ ವರ ಹಿಂದೆ ಉಳಿಯುತ್ತಾನೆ! ಹಾಗಾಗಿ ವೈಫೈ ನಂಬಬೇಡಿ. ಒಂದೇ ಡಿಸ್ಕನ್ನೂ ನಂಬಬೇಡಿ. ಇಬ್ಬರು ಎರಡು ಕಡೆ ಕೇಳಿದರೆ ಅದರ ಮುಳ್ಳು ಅತ್ತಿಂದಿತ್ತ ಓಡಿ ಸುಸ್ತಾಗುತ್ತದೆ. ಹಲವು ಡಿಸ್ಕು ಕೂಡಿ ಎತ್ತಿದರೆ ಭಾರ ಹಗುರ. ಇನ್ನೂ ದೊಡ್ಡ ಕೆಲಸವಿದ್ದರೆ ಪೆಟ್ಟಿಗೆಗೂ ಸ್ವಿಚ್ಚಿಗೂ ನಡುವೆ 10 ಗಿಗಾಬಿಟ್ ತಂತಿ ಹಾಕಿಸಿ. ತಾಮ್ರದ ತಂತಿಯಲ್ಲಿ ಅದು 2006ರಿಂದಲೇ ಇದೆ.

ಮತ್ತೆರಡು ಮಾತು. ಡಿಸ್ಕುಗಳನ್ನು ರೇಡ್ 5 ಎಂಬ ಏರ್ಪಾಟಿನಲ್ಲಿ ಜೋಡಿಸಿದರೆ ಒಂದು ಸತ್ತರೂ ಉಳಿದವು ಕಾಯುತ್ತವೆ. ಸಿಡಿಲು ಬಡಿದರೆ ಎಲ್ಲವೂ ಒಟ್ಟಿಗೆ ಸತ್ತಾವು, ಅದಕ್ಕೇ ಇನ್ನೊಂದು ಕಾಪಿ ಬೇರೆ ಕಟ್ಟಡದಲ್ಲಿರಲಿ. ನಮ್ಮ ಕರೆಂಟಿನ ಗುಣ ಬಲ್ಲಿರಿ, ಯುಪಿಎಸ್ ಮರೆಯಬೇಡಿ. ಇಬ್ಬರೂ ಒಂದೇ ಪ್ರಾಜೆಕ್ಟ್ ಫೈಲನ್ನು ತಿದ್ದಿದರೆ ಒಬ್ಬನ ಶ್ರಮ ಇನ್ನೊಬ್ಬನ ಕೆಳಗೆ ಅಳಿಸಿಹೋಗಬಹುದು. ಅವಿಡ್‌ನಲ್ಲಿ ಇದಕ್ಕೆಂದೇ ಬಿನ್‌ಗೆ ಬೀಗವಿದೆ. ಒಬ್ಬ ತಿದ್ದುವಾಗ ಇನ್ನೊಬ್ಬ ನೋಡಬಹುದು, ಮುಟ್ಟುವಂತಿಲ್ಲ.

"ಹಾಗಾದ್ರೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೇ ತಂತಿ ಎಳೆದುಬಿಡನ?" ಅಂದ ಹುಡುಗ. ಆಸೆ ದೊಡ್ಡದು! ತಾಮ್ರದ ಈಥರ್‌ನೆಟ್‌ನ ಮಿತಿ 100 ಮೀಟರ್. ಊರಿಂದೂರಿಗೆ ಬೇರೆ ದಾರಿ: ದೃಶ್ಯದ ಸಣ್ಣ ನಕಲು, ಅಂದರೆ ಪ್ರಾಕ್ಸಿ, ಇಂಟರ್‌ನೆಟ್ಟಿನಲ್ಲಿ ಕಳಿಸುವುದು. ಸೆಕೆಂಡಿಗೆ 10 ಮೆಗಾಬಿಟ್ಟಿನ ನಕಲಾದರೆ ಗಂಟೆಯ ದೃಶ್ಯ 45ರ ಬದಲು ನಾಲ್ಕೂವರೆ ಗಿಗಾಬೈಟ್. ಅಲ್ಲಿ ಕತ್ತರಿಸಿದವನು ಬರೀ ಪ್ರಾಜೆಕ್ಟ್ ಫೈಲು ಹಿಂದಿರುಗಿಸಿದರೆ ಸಾಕು, ಇಲ್ಲಿ ಅಸಲಿ ದೃಶ್ಯಕ್ಕೆ ಜೋಡಿಸಬಹುದು.

ಮದುವೆ ವಿಡಿಯೋಗೆ ಇಷ್ಟೆಲ್ಲ ಯಾಕಪ್ಪಾ ಅನ್ನುತ್ತೀರಾ? ಬಂಡೀಪುರ ದಾಟಿದರೆ ಸಿಗುವ ತೆಪ್ಪಕಾಡು ಆನೆ ಶಿಬಿರದಲ್ಲಿ ತೆಗೆದ 'ದಿ ಎಲಿಫೆಂಟ್ ವಿಸ್ಪರರ್ಸ್' 2023ರಲ್ಲಿ ಆಸ್ಕರ್ ಗೆದ್ದಿತು. ಚಿತ್ರದ ಉದ್ದ 39 ನಿಮಿಷ, ತೆಗೆದ ದೃಶ್ಯ 450 ಗಂಟೆಯಂತೆ! ನಮ್ಮ ಮದುವೆ ಕ್ಯಾಮೆರಾದ ಲೆಕ್ಕದಲ್ಲೇ ಗುಣಿಸಿದರೂ 20 ಸಾವಿರ ಗಿಗಾಬೈಟ್ ಮೀರುತ್ತದೆ. ಅಂಥ ಕೆಲಸ ನಮ್ಮ ದಾರಿಯಲ್ಲೇ ಹಾದುಹೋಗುತ್ತಿದೆ. ಕಲಬುರಗಿಯ ಉಜ್ವಲ್ ಕುಲಕರ್ಣಿ 2022ರ 'ಕೆಜಿಎಫ್ ಚಾಪ್ಟರ್ 2'ಕ್ಕೆ ಸಂಕಲನಕಾರನಾದಾಗ ಹತ್ತೊಂಬತ್ತರ ಹುಡುಗ ಎಂದು ಪತ್ರಿಕೆಗಳು ಬರೆದವು. ನಮ್ಮಲ್ಲೂ ಕಣ್ಣು, ಕೈ ಚುರುಕಿರುವ ಹುಡುಗರಿದ್ದಾರೆ. ಅವರ ರಾತ್ರಿಗಳು ಕಾಪಿಯ ಗೆರೆ ನೋಡುವುದರಲ್ಲೇ ಸವೆದರೆ ಸಂಕಲನ ಕಲಿಯುವುದು ಯಾವಾಗ?

ಸ್ಟುಡಿಯೋ ಯಜಮಾನರೇ, ಪೆಟ್ಟಿಗೆ ತನ್ನಿ. ಉಳಿದ ಹೊತ್ತಿಗೆ ಇನ್ನೆರಡು ಮದುವೆ ಒಪ್ಪಿಕೊಳ್ಳುತ್ತೀರಿ, ಗೊತ್ತು! ಒಪ್ಪಿಕೊಳ್ಳಿ. ಆ ಹೆಚ್ಚುವರಿ ದುಡ್ಡಿನಲ್ಲಿ ಹುಡುಗನ ಪಾಲನ್ನೂ ಮೊದಲೇ ಮಾತಾಡಿಬಿಡಿ. ದೃಶ್ಯ ಹಂಚಿಕೊಂಡ ಮೇಲೆ ಕಾಸು ಹಂಚಿಕೊಳ್ಳಲು ಸಂಕೋಚವೇಕೆ?

ಅಗೋ, ಬಸ್ಸು ಬಂತು. ನಾಯಕಿಯರ ಮುನಿಸಿನ ಸುದ್ದಿ ಮುಂದಿನ ವಾರ, ಖಂಡಿತ!