ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಈಗ ಹೀಯಾಳಿಸುವುದಕ್ಕೇ ಬಳಸುತ್ತಾರೆ. ಕಛೇರಿಯಲ್ಲಿ ಮಾತು ನಡೆಯದ ಅಧಿಕಾರಿ, ಸಭೆಯಲ್ಲಿ ಯಾರೂ ಕೇಳದ ಸದಸ್ಯ, ಇಂಥವರಿಗೆಲ್ಲ ಅದೇ ಬಿರುದು. ಆದರೆ ಮಕ್ಕಳ ಆಟದಲ್ಲಿ ಅದೊಂದು ಕರುಣೆಯ ಕಾನೂನಾಗಿತ್ತು. ನಮ್ಮ ಹಿತ್ತಲಿನ ಕ್ರಿಕೆಟ್ಟಿನಲ್ಲಿ ಐದು ವರ್ಷದ ತಮ್ಮನಿಗೂ ಬ್ಯಾಟು ಸಿಗುತ್ತಿತ್ತು. ಅವನು ಎಷ್ಟು ಸಲ ಔಟಾದರೂ ಔಟಲ್ಲ. ಅವನ ರನ್ನು ಯಾವ ಪಕ್ಷಕ್ಕೂ ಸೇರುವುದಿಲ್ಲ. ಆದರೆ ಅವನು ಆಟದೊಳಗಿದ್ದ, ಹೊರಗಲ್ಲ. ಈ ಕಾನೂನನ್ನು ಬರೆದವರು ಯಾರು? ಯಾವ ಮೇಷ್ಟರೂ ಅಲ್ಲ, ಯಾವ ತರಬೇತುದಾರನೂ ಅಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳೇ.

ನಾನು ಇಂದು ವಾದಿಸಹೊರಟಿರುವುದು ಇಷ್ಟೇ: ಮಕ್ಕಳಿಂದ ನಾವು ಕಸಿದುಕೊಂಡದ್ದು ಕೇವಲ ಜಾಗವನ್ನಲ್ಲ, ಈ ಶಾಸನಾಧಿಕಾರವನ್ನು.

ನಮ್ಮ ಹಿತ್ತಲಿನ ಸಂವಿಧಾನವನ್ನು ಸ್ವಲ್ಪ ಕೇಳಿರಿ. ಬಟ್ಟೆ ಒಗೆಯುವ ಕಲ್ಲೇ ವಿಕೆಟ್ಟು. ತೆಂಗಿನ ಮಟ್ಟೆಯನ್ನು ಕೆತ್ತಿ ಮಾಡಿದ್ದು ಬ್ಯಾಟು. ಮೊದಲ ಚೆಂಡು ಟ್ರಯಲ್. ಒಂದು ಪುಟ ನೆಗೆದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಔಟು. ಬಾವಿಗೆ ಬಿದ್ದರೆ ಔಟು ಮಾತ್ರವಲ್ಲ, ಹೊಡೆದವನೇ ಬಕೆಟ್ಟು ಇಳಿಸಿ ತೆಗೆಯಬೇಕು. ಆಟಗಾರರ ಸಂಖ್ಯೆ ಬೆಸವಾದರೆ ಒಬ್ಬ ಎರಡೂ ಕಡೆಗೆ ಆಡಬೇಕು. ಲೆಗ್ ಸೈಡಿನಲ್ಲಿ ಅಜ್ಜಿಯ ಹಪ್ಪಳ, ಸಂಡಿಗೆಗಳು ಒಣಗುತ್ತಿದ್ದವು. ಅತ್ತ ಚೆಂಡು ಹೋದರೆ ಆ ದಿನದ ಆಟವೇ ಮುಗಿಯಿತು. ಹೀಗಾಗಿ ನಮ್ಮ ಮನೆಯ ಹುಡುಗರೆಲ್ಲ ಆಫ್ ಸೈಡಿನ ಆಟಗಾರರಾದರು. 1969ರ ನವೆಂಬರಿನಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಇನ್ನಿಂಗ್ಸಿನಲ್ಲಿ ಆಸ್ಟ್ರೇಲಿಯದ ಮೇಲೆ 137 ಹೊಡೆದಾಗ, ಮರುದಿನ ನಮ್ಮಲ್ಲಿ ಸ್ಕ್ವೇರ್ ಕಟ್ ಹೊಡೆಯದವರೇ ಇರಲಿಲ್ಲ. ನನ್ನ ಅಣ್ಣನ ಕಟ್ ಮಾತ್ರ ವಿಶ್ವನಾಥರಿಗಿಂತ ಹಪ್ಪಳಕ್ಕೇ ಹೆಚ್ಚು ಋಣಿಯಾಗಿತ್ತು.

ಜಗಳಗಳಾಗುತ್ತಿರಲಿಲ್ಲವೇ? ದಿನಕ್ಕೆ ನಾಲ್ಕು. ಬ್ಯಾಟಿನ ಒಡೆಯ ಮುನಿಸಿಕೊಂಡು ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಡುತ್ತಿದ್ದ. ಅವನನ್ನು ಓಲೈಸಿ ಕರೆತರುವುದಕ್ಕೆ ಬೇಕಾದ ರಾಜತಂತ್ರವನ್ನು ನಾನು ಮುಂದೆ ಯಾವ ಶಿಕ್ಷಕರ ಸಭೆಯಲ್ಲಿಯೂ ಕಾಣಲಿಲ್ಲ. ಅಂಪೈರ್ ಇಲ್ಲದ ಆಟದಲ್ಲಿ ಸುಳ್ಳು ಹೇಳುವವನೊಡನೆ ನಾಳೆಯೂ ಆಡಬೇಕಾಗುತ್ತದೆ. ಆದ್ದರಿಂದ ನ್ಯಾಯವನ್ನು ಅಲ್ಲಿಯೇ, ಸಂಜೆಯಾಗುವುದರೊಳಗೆ, ಹುಡುಕಿಕೊಳ್ಳಲೇಬೇಕು.

ಈಗಿನ ಮಗುವಿಗೆ ಬೆಳಗಿನ ಆರು ಗಂಟೆಗೆ ಬಿಳಿಯ ಉಡುಪು, ಹೆಲ್ಮೆಟ್ಟು, ತನ್ನಷ್ಟೇ ಎತ್ತರದ ಕಿಟ್ ಚೀಲ. ನೆಟ್ಟಿನ ಹಿಂದೆ ಮೊಬೈಲಿನಲ್ಲಿ ಚಿತ್ರೀಕರಿಸುತ್ತ ನಿಂತ ತಂದೆ. ಸರದಿಯಲ್ಲಿ ಕಾದು ಕೆಲವೇ ನಿಮಿಷ ಬ್ಯಾಟಿಂಗು. ನಿಯಮವನ್ನು ಮಾಡುವವರು ದೊಡ್ಡವರು, ಜಗಳ ಬಿಡಿಸುವವರೂ ದೊಡ್ಡವರು. ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಆಟವೆಂದು ಕರೆಯಬೇಡಿ ಎನ್ನುತ್ತಿದ್ದೇನೆ. ಅದು ಇನ್ನೊಂದು ಟ್ಯೂಷನ್.

ಹಿತ್ತಲಿನ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ದೊಡ್ಡ ಹೆಸರುಗಳನ್ನು ಎತ್ತುತ್ತಾರೆ. ಬೌರಲ್ ಊರಿನ ಬಾಲಕ ಬ್ರಾಡ್ಮನ್ ನೀರಿನ ಟ್ಯಾಂಕಿನ ಕಟ್ಟೆಗೆ ಗಾಲ್ಫ್ ಚೆಂಡನ್ನೆಸೆದು, ಪುಟಿದು ಬಂದದ್ದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದದ್ದು ನಿಜ. ಅಡಿಲೇಡಿನ ಹಿತ್ತಲಿನಲ್ಲಿ ಕಾದಾಡಿದ ಚಾಪೆಲ್ ಸೋದರರು ಮೂವರೂ ಆಸ್ಟ್ರೇಲಿಯಕ್ಕೆ ಆಡಿದ್ದೂ ನಿಜ. ಆದರೆ ಈ ವಾದ ನನಗೆ ರುಚಿಸದು. ಇದೂ ಕೊನೆಗೆ ತರಬೇತಿ ಶಿಬಿರದ ಜಾಹೀರಾತಿನ ತರ್ಕವೇ: ಆಟ ಏನನ್ನಾದರೂ ಹುಟ್ಟಿಸಿದರೆ ಮಾತ್ರ ಅದಕ್ಕೆ ಬೆಲೆ. ನಮ್ಮ ಹಿತ್ತಲಿನಿಂದ ಒಬ್ಬ ಗುಮಾಸ್ತ, ಇಬ್ಬರು ರೈತರು, ಒಬ್ಬ ಮೇಷ್ಟ್ರು ಹೊರಬಂದೆವು. ಅದರಿಂದ ಆ ಸಂಜೆಗಳು ವ್ಯರ್ಥವಾದವೇ?

ಒಂದು ಹೆಸರನ್ನು ಮಾತ್ರ ಬೇರೆಯ ಕಾರಣಕ್ಕಾಗಿ ಹೇಳುತ್ತೇನೆ. 1976ರಲ್ಲಿ ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟನ್ನು ಬೆಂಗಳೂರಿನಲ್ಲಿ ಆಡಿದಾಗ ಅದರ ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಆ ಸುದ್ದಿಯನ್ನು ಓದಿದ ದಿನ ನನ್ನ ಅಕ್ಕ ಬಹಳ ಹೊತ್ತು ಪತ್ರಿಕೆಯನ್ನು ಕೆಳಗಿಡಲಿಲ್ಲ. ನಮ್ಮೆಲ್ಲರಿಗಿಂತ ನೇರವಾಗಿ ಬೌಲ್ ಮಾಡುತ್ತಿದ್ದವಳು ಅವಳು. ಹನ್ನೆರಡು ತುಂಬಿದ ಮೇಲೆ ಅವಳನ್ನು ಹಿರಿಯರು ಒಳಗೆ ಕರೆದುಕೊಂಡರು. ಹಿತ್ತಲಿಗೆ ಅನ್ಯಾಯ ಬಂದದ್ದು ಆಗಲೂ ದೊಡ್ಡವರ ಕಡೆಯಿಂದಲೇ.

ಇನ್ನು ಫಲಕಗಳ ವಿಷಯ. ‘ಆವರಣದಲ್ಲಿ ಚೆಂಡಾಟ ನಿಷೇಧಿಸಲಾಗಿದೆ’ ಎಂದು ಬರೆಸುವ ವಸತಿ ಸಂಘಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಪದಾಧಿಕಾರಿಗಳಾಗಿದ್ದೀರಿ. ಅಕ್ಷರದೋಷವಿಲ್ಲದೆ ಬರೆಸಿದ್ದೀರಿ, ಸಂತೋಷ. ಆದರೆ ಮಗುವಿಗೆ ಆಡುವ ಹಕ್ಕುಂಟೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಹಿರಿಯರ ನಿದ್ದೆಗೆ ಭಂಗವೆನ್ನುವಿರಾ? ಹಿರಿಯನಾದ ನನ್ನನ್ನು ಒಂದು ಮಾತು ಕೇಳಬೇಕಾಗಿತ್ತು. ಸಂಜೆ ಐದಕ್ಕೆ ಮಲಗಿದರೆ ರಾತ್ರಿ ನಿದ್ದೆ ಬಾರದು. ಕಾರಿನ ಗಾಜು ಎನ್ನುವಿರಾ? ಇಷ್ಟೊಂದು ಕಾರುಗಳಿಗೆ ನೆಲ ಹಂಚಿಕೊಟ್ಟವರು ಮಕ್ಕಳಿಗೆ ಇಪ್ಪತ್ತೆರಡು ಗಜ ಕೊಡಲಾರದೆ ಹೋದದ್ದೇಕೆ?

ರಬ್ಬರ್ ಚೆಂಡು ಸಾಕು. ಸಂಜೆ ನಾಲ್ಕೂವರೆಯಿಂದ ದೀಪ ಹಚ್ಚುವವರೆಗೆ ಸಾಕು. ಉಳಿದ ನಿಯಮಗಳನ್ನು ಮಕ್ಕಳೇ ಬರೆದುಕೊಳ್ಳಲಿ. ಯಾರದೋ ಕಾರಿಗೆ ಚೆಂಡು ತಗುಲಿದರೆ ಔಟು ಎಂಬ ನಿಯಮವನ್ನು ಅವರು ಮೊದಲ ದಿನವೇ ಮಾಡಿಕೊಳ್ಳುತ್ತಾರೆ. ಅಷ್ಟರ ಮೇಲೂ ಗಾಜು ಒಡೆದರೆ ನನಗೆ ತಿಳಿಸಿರಿ. ನನ್ನ ಪಿಂಚಣಿ ತಿಂಗಳ ಮೊದಲ ವಾರದಲ್ಲಿ ಬರುತ್ತದೆ.