ರಿಪೋರ್ಟ್‌ನಲ್ಲಿ ‘ಟಾರ್ಲೋವ್ ಸಿಸ್ಟ್’ ಅಂತಿದ್ರೆ?

ಸೊಂಟ ನೋವು ಅಂದ ತಕ್ಷಣ ನಮ್ಮಂಥ ಐಟಿಯವರಿಗೆ ಸಿಗೋ ಉತ್ತರ ಒಂದೇ: “ಇಡೀ ದಿನ ಕೂತೇ ಇರ್ತೀಯಲ್ಲ, ಇನ್ನೇನಾಗತ್ತೆ?” ಎಷ್ಟೋ ಸಲ ಅದು ನಿಜವೂ ಹೌದು. ಆದ್ರೆ ತಿಂಗಳುಗಟ್ಟಲೆ ಬಿಡದ ನೋವಿಗೆ ಎಂಆರ್‌ಐ ಮಾಡಿಸಿ, ರಿಪೋರ್ಟ್‌ನ ಕೊನೆಯಲ್ಲಿ ‘ಟಾರ್ಲೋವ್ ಸಿಸ್ಟ್’ ಅಂತ ಕಂಡರೆ ಎದೆ ಧಸಕ್ಕೆನ್ನುತ್ತೆ. ಕ್ಯಾನ್ಸರ್ ಗಡ್ಡೆನಾ?

ಅಲ್ಲ. ಬೆನ್ನುಹುರಿಯಿಂದ ಹೊರಡುವ ನರದ ಬುಡದಲ್ಲಿ, ನರದ ಹೊದಿಕೆಯೊಳಗೆ ದ್ರವ ತುಂಬಿ ಉಬ್ಬಿದ ಚೀಲ ಇದು. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವವೇ ಇದರೊಳಗೂ ಇರುತ್ತೆ. ಹೆಚ್ಚಾಗಿ ಕಾಣಿಸೋದು ಬೆನ್ನುಮೂಳೆಯ ಕೆಳತುದಿಯಲ್ಲಿರುವ ಸೇಕ್ರಮ್ ಮೂಳೆಯ ಹತ್ತಿರ. 1938ರಲ್ಲಿ ಇದನ್ನು ವಿವರಿಸಿದ ಇಸಡೋರ್ ಟಾರ್ಲೋವ್ ಅವರ ಹೆಸರೇ ಇದಕ್ಕೆ ಉಳಿದಿದೆ.

ಬಹುತೇಕರಲ್ಲಿ ಈ ಸಿಸ್ಟ್ ಏನೂ ತೊಂದರೆ ಕೊಡಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತೆ, ಅಷ್ಟೇ. ಲಾಗ್‌ನಲ್ಲಿ ಒಂದು ವಾರ್ನಿಂಗ್ ಕಂಡ ಮಾತ್ರಕ್ಕೆ ಬಗ್ ಅದೇ ಅನ್ನೋಕಾಗಲ್ವಲ್ಲ, ಹಾಗೆ.

ಹಾಗಂತ ಪ್ರತಿ ಸಲವೂ ತಳ್ಳಿಹಾಕೋಕೂ ಆಗಲ್ಲ. ಗೆಳತಿಯೊಬ್ಬಳು ಮೀಟಿಂಗ್‌ನಲ್ಲಿ ಯಾವಾಗಲೂ ನಿಂತೇ ಇರ್ತಿದ್ದಳು. ಎಲ್ಲರೂ ಅದನ್ನ ಫಿಟ್‌ನೆಸ್ ಹುಚ್ಚು ಅಂದ್ಕೊಂಡಿದ್ರು. ಅವಳಿಗೆ ಹತ್ತು ನಿಮಿಷ ಕೂರೋಕೂ ಆಗ್ತಿರಲಿಲ್ಲ. ಸಿಸ್ಟ್ ದೊಡ್ಡದಾಗಿ ನರವನ್ನು ಒತ್ತಿದರೆ ಕೂತಾಗ ನೋವು ಹೆಚ್ಚಬಹುದು, ಮಲಗಿದಾಗ ತಗ್ಗಬಹುದು. ಕೆಮ್ಮಿದಾಗ, ಸೀನಿದಾಗ ಜೋರಾಗಬಹುದು. ಕಾಲಿಗೆ ಜೋಮು, ಮೂತ್ರದ ತೊಂದರೆ, ಲೈಂಗಿಕ ಸಂಪರ್ಕದ ವೇಳೆ ನೋವು ಕೂಡ ಬರಬಹುದು. ಈ ಕೊನೆಯ ಎರಡನ್ನು ಸಂಕೋಚದಿಂದ ಯಾರೂ ಬಾಯಿಬಿಡಲ್ಲ. ಈ ಸಮಸ್ಯೆ ಮಹಿಳೆಯರಲ್ಲೇ ಹೆಚ್ಚು ಕಾಣಿಸೋದರಿಂದ ಮುಚ್ಚಿಟ್ಟುಕೊಳ್ಳೋದೂ ಹೆಚ್ಚು. ಆದ್ರೆ ವೈದ್ಯರಿಗೆ ಸುಳಿವು ಸಿಗೋದೇ ಇಂಥ ಮಾತಿನಿಂದ.

ಒಂದು ವಾರ ಫೋನ್‌ನಲ್ಲೇ ಬರೆದಿಡಿ: ನೋವು ಯಾವಾಗ ಶುರು, ಎಷ್ಟು ಹೊತ್ತು ಕೂತ ಮೇಲೆ, ಎಲ್ಲಿಗೆ ಹರಡುತ್ತೆ. ಅದನ್ನ ನರರೋಗ ಅಥವಾ ಬೆನ್ನುಮೂಳೆ ತಜ್ಞರಿಗೆ ತೋರಿಸಿ. ಡಿಸ್ಕ್‌ನಂಥ ಬೇರೆ ಕಾರಣಗಳನ್ನು ಅವರು ಮೊದಲು ನೋಡ್ತಾರೆ. ಸಾಮಾನ್ಯವಾಗಿ ಔಷಧಿ, ಫಿಸಿಯೊಥೆರಪಿಯಿಂದ ಚಿಕಿತ್ಸೆ ಶುರುವಾಗುತ್ತೆ. ಸೂಜಿಯಿಂದ ದ್ರವ ತೆಗೆದರೂ ಮತ್ತೆ ತುಂಬಿಕೊಳ್ಳಬಹುದು. ಆಪರೇಷನ್ ಬೇಕಾಗೋದು ಕೆಲವರಿಗೆ ಮಾತ್ರ.

ಕಾಲಿನ ಬಲ ದಿಢೀರ್ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶವೇ ತಿಳಿಯದಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಕಾರಣ ಯಾವುದೇ ಇರಲಿ, ಆಗಲೇ ಎಮರ್ಜೆನ್ಸಿಗೆ ಹೋಗಿ.